9 ತಿಂಗಳ ಮಗುಗೆ ಎಂಆರ್ ಸೂಜಿ ಬೇಡ ಅಂತ ಮನೇಲಿ ಹಠ ಹಿಡಿದಿದಾರೆ, ಗೊತ್ತಿರೋರು ಸ್ವಲ್ಪ ಹೇಳಿ

ದಾವಣಗೆರೆ ಅಮ್ಮ:
ಎಲ್ರಿಗೂ ನಮಸ್ಕಾರ. ಮಗಳಿಗೆ ಮೊನ್ನೆ 9 ತಿಂಗಳು ತುಂಬ್ತು. ಬರೋ ಗುರುವಾರ ಅಂಗನವಾಡಿ ಹತ್ರ ಕರ್ಕೊಂಡ್ ಬನ್ನಿ, ದಡಾರ-ರುಬೆಲ್ಲಾದು ಇದೆ ಅಂತ ಆಶಾ ಅಕ್ಕ ಬಂದು ಹೇಳಿ ಹೋದ್ರು. ಹುಟ್ಟಿದಾಗಿನ ಬಿಸಿಜಿಯಿಂದ ಹಿಡಿದು ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿನದು ಎಲ್ಲಾ ಟೈಮಿಗೆ ಸರಿಯಾಗಿ ಹಾಕ್ಸಿದೀನಿ, ಯಾರೂ ಏನೂ ಅಂದಿರ್ಲಿಲ್ಲ. ಈಗ ನಮ್ಮ ಭಾವ ಮನೆ ಗ್ರೂಪಲ್ಲಿ ಒಂದರ ಹಿಂದೆ ಒಂದು ವಿಡಿಯೋ ಹಾಕ್ತಿದಾರೆ, ಇದ್ರಿಂದ ಆಟಿಸಂ ಬರುತ್ತಂತೆ, ಹೆಣ್ಮಕ್ಕಳಿಗೆ ಮುಂದೆ ಮಕ್ಕಳಾಗಲ್ವಂತೆ, ಹೊರದೇಶದಲ್ಲಿ ಬುದ್ಧಿವಂತರು ಯಾರೂ ಹಾಕ್ಸಲ್ವಂತೆ. ಅತ್ತೆ ಅಂತೂ ನಮ್ ಕಾಲದಲ್ಲಿ ಮಕ್ಕಳಿಗೆ ಅಮ್ಮ ಬಂದ್ರೆ ಬೇವಿನ ಸೊಪ್ಪು ಹಾಸಿ ಮಲಗಿಸಿ ಮೊಸರನ್ನ ಎಡೆ ಇಟ್ಟು ಕೈ ಮುಗೀತಿದ್ವಿ ಇಳೀತಿತ್ತು, ಯಾರ್ ಸತ್ರು ಅಂತಾರೆ. ನಮ್ಮನೆಯವ್ರು ನಿಂಗೆ ಸರಿ ಅನ್ಸಿದ್ದು ಮಾಡು ಅಂತ ಸುಮ್ನಾಗಿದಾರೆ. ಆದ್ರೆ ಮಗು ಚೆನ್ನಾಗಿ ನಗ್ತಾ ಆಡ್ಕೊಂಡಿದೆ, ನಾನೇ ಎತ್ಕೊಂಡು ಹೋಗಿ ಚುಚ್ಚಿಸಿ ಆಮೇಲೆ ಏನಾದ್ರೂ ಆದ್ರೆ ಅಂತ ರಾತ್ರಿ ನಿದ್ದೆ ಬರ್ತಿಲ್ಲ. ನಂಗೆ ಬೈಬೇಡಿ, ನಿಜ ಏನು ಅಂತ ಹೇಳಿ ಸಾಕು.

ಶಿವಮೊಗ್ಗ ಸಿಸ್ಟರ್:
ಯಾಕಮ್ಮ ಬೈತೀವಿ, ಭಯ ಪಡೋ ತಾಯಿನೇ ಮಗು ನೋಡ್ಕೊಳೋ ತಾಯಿ. ನಾನು ಎಎನ್‌ಎಂ ಆಗಿ ಹದಿನಾರು ವರ್ಷ ಆಯ್ತು, ಗುರುವಾರ ಬಂತು ಅಂದ್ರೆ ಕೋಲ್ಡ್ ಬಾಕ್ಸ್ ಹೆಗಲಿಗೆ ಹಾಕ್ಕೊಂಡು ಹೊರಡೋ ಕೆಲ್ಸ. ನಿಮ್ಮ ಪ್ರಶ್ನೆ ವಾರಕ್ಕೆ ಒಬ್ರಾದ್ರೂ ಕೇಳ್ತಾರೆ.

ಮೊದ್ಲು 9 ತಿಂಗಳಿಗೇ ಯಾಕೆ ಅಂತ ತಿಳ್ಕೊಳ್ಳಿ. ನಿಮ್ಮ ರಕ್ತದಿಂದ ಮಗುಗೆ ಹೋಗಿರೋ ರಕ್ಷಣೆ ಇಷ್ಟೊತ್ತಿಗೆ ಕರಗ್ತಾ ಬಂದಿರುತ್ತೆ. ತುಂಬಾ ಮುಂಚೆ ಕೊಟ್ರೆ ಆ ರಕ್ಷಣೆನೇ ಲಸಿಕೆ ಕೆಲ್ಸ ಮಾಡೋಕೆ ಬಿಡಲ್ಲ, ತಡ ಮಾಡಿದ್ರೆ ಮಗು ಬರೀ ಮೈಯಲ್ಲಿ ಇದ್ದಂಗೆ. 9 ತಿಂಗಳಿಗೆ ಹಾಕಿದಾಗ ಹತ್ತಿರ ಹತ್ತಿರ ನೂರಕ್ಕೆ 85 ಮಕ್ಕಳಿಗೆ ರಕ್ಷಣೆ ಸಿಗುತ್ತೆ, ಉಳಿದವ್ರಿಗೆ ಸಿಗಲಿ ಅಂತಾನೇ 16ರಿಂದ 24 ತಿಂಗಳ ಒಳಗೆ ಇನ್ನೊಂದು ಡೋಸ್ ಇಟ್ಟಿರೋದು. ಅವತ್ತು ಬಲ ತೋಳಿಗೆ ಎಂಆರ್ ಹಾಕ್ತೀವಿ, ಜೊತೆಗೆ ನ್ಯುಮೋನಿಯಾದು ಬೂಸ್ಟರ್, ಪೋಲಿಯೋದು ಚರ್ಮದೊಳಗೆ ಕೊಡೋ ಸಣ್ಣ ಸೂಜಿ, ಬಾಯಿಗೆ ವಿಟಮಿನ್ ಎ.

ಏನೂ ಆಗಲ್ಲ ಅಂತ ಹೇಳಲ್ಲ, ಆಗೋದನ್ನ ಆಗುತ್ತೆ ಅಂತಾನೇ ಹೇಳ್ತೀನಿ. ಎಂಆರ್ ಜ್ವರ ಅವತ್ತೇ ಬರಲ್ಲ, ಒಂದು ವಾರದ ಮೇಲೆ, 6ರಿಂದ 12ನೇ ದಿನದ ಒಳಗೆ ಕೆಲವು ಮಕ್ಕಳಿಗೆ ಬರುತ್ತೆ, ಸಣ್ಣ ಗಂಧೆ ತರ ಏಳಬಹುದು. ಜ್ವರ ಜೋರಾಗಿ ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಫಿಟ್ಸ್ ಬರಬಹುದು. ಹತ್ತು ಲಕ್ಷ ಡೋಸಿಗೆ ಒಂದು ಅನ್ನೋ ಲೆಕ್ಕದಲ್ಲಿ ಜೋರು ಅಲರ್ಜಿ ಆಗುತ್ತೆ, ಅದಕ್ಕೇ ಅರ್ಧ ಗಂಟೆ ಕೂತ್ಕೊಂಡು ಹೋಗಿ ಅಂತ ನಾವು ಬಡ್ಕೊಳ್ಳೋದು, ಅದಕ್ಕೆ ಬೇಕಾದ ಔಷಧಿ ನಮ್ಮ ಕಿಟ್ಟಲ್ಲೇ ಇರುತ್ತೆ.

ಮಕ್ಕಳಾಗಲ್ಲ ಅನ್ನೋದು ಕೇಳಿದಾಗ ಮಾತ್ರ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಎಂಆರ್ ಅಲ್ಲಿರೋ ಆರ್ ಅಂದ್ರೆ ರುಬೆಲ್ಲಾ. ಮಗುಗೆ ಬಂದ್ರೆ ಅಷ್ಟೇನಿಲ್ಲ, ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಬಂದ್ರೆ ಹುಟ್ಟೋ ಕೂಸಿಗೆ ಕಣ್ಣಲ್ಲಿ ಪೊರೆ, ಕಿವುಡು, ಹೃದಯದಲ್ಲಿ ತೂತು, ಇಲ್ಲಾ ಗರ್ಭನೇ ನಿಲ್ಲಲ್ಲ. ನಿಮ್ಮ ಮಗಳು ನಾಳೆ ತಾಯಿ ಆಗೋವಾಗ ಅವಳ ಹೊಟ್ಟೇಲಿರೋ ಕೂಸನ್ನ ಕಾಯೋ ಸೂಜಿ ಇದು.

ಸಾಗರದ ಕಡೆಯವ:
ಸಿಸ್ಟರ್ ಮೇಲೆ ಗೌರವ ಇದೆ. ಆದ್ರೆ ದಡಾರ ಅಂದ್ರೆ ನಾವೆಲ್ಲಾ ಚಿಕ್ಕೋರಿದ್ದಾಗ ಬಂದು ಹೋದ ಕಾಯಿಲೆ, ಅದಕ್ಕೆ ಇಷ್ಟು ಹೆದರಿಸೋದು ಯಾಕೆ? ಆಟಿಸಂ ವಿಷಯನೂ ಸುಮ್ನೆ ಹುಟ್ಟಿದ್ದಲ್ಲ, ಇಂಗ್ಲೆಂಡಿನ ದೊಡ್ಡ ಮೆಡಿಕಲ್ ಪತ್ರಿಕೇಲೇ ಡಾಕ್ಟರೊಬ್ರು ಬರೆದಿದ್ರು, ಆಮೇಲೆ ಒತ್ತಡ ಹಾಕಿ ತೆಗೆಸಿದ್ರು ಅಂತ ಓದಿದೀನಿ. ಕಂಪನಿ ದುಡ್ಡಿನ ಮುಂದೆ ಯಾರ್ ಮಾತು ನಡೆಯುತ್ತೆ ಹೇಳಿ.

ಎರಡು ಮಕ್ಕಳ ಅಪ್ಪ:
ಸಾಗರದ ಅಣ್ಣಾ, ಇದಕ್ಕೆ ನಾನು ಉತ್ತರ ಕೊಡ್ತೀನಿ ಯಾಕಂದ್ರೆ ನನ್ನ ದೊಡ್ಡ ಮಗನಿಗೆ ಆಟಿಸಂ ಇದೆ. ಒಂದೂವರೆ ವರ್ಷದ ತನಕ ಅಪ್ಪ ಅಮ್ಮ ಬಾ ಹೋಗು ಅಂತಿದ್ದ ಮಗು ಒಂದೊಂದೇ ಮಾತು ಬಿಡ್ತಾ ಹೋದ. ಎಂಎಂಆರ್ (ಎಂಆರ್ ಜೊತೆ ಮಂಗನಬಾವಿನದೂ ಸೇರಿರೋ ಸೂಜಿ) ಹಾಕಿಸಿದ ಸುಮಾರಿಗೇ ಆಗಿದ್ದು. ನೆಂಟರೆಲ್ಲಾ ಯಾವ ಸೂಜಿ ಹಾಕ್ಸಿದ್ರಿ ಅಂತ ಕೇಳೋರು, ನಾನು ಎರಡು ವರ್ಷ ನನ್ನ ಕೈಯಾರೆ ಮಗನ್ನ ಹಾಳು ಮಾಡ್ದೆ ಅಂತ ಕೊರಗಿದೀನಿ. ಆ ಕೊರಗಲ್ಲೇ ಕೂತು ಸಿಕ್ಕಿದ್ದೆಲ್ಲಾ ಓದಿದೆ.

ನೀವು ಹೇಳ್ತಿರೋ ಡಾಕ್ಟರ್ ಹೆಸರು ಆಂಡ್ರೂ ವೇಕ್‌ಫೀಲ್ಡ್. 1998ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂದ ಲೇಖನ. ಅದರಲ್ಲಿದ್ದಿದ್ದು ಬರೀ 12 ಮಕ್ಕಳು, ಹೋಲಿಸಿ ನೋಡೋಕೆ ಲಸಿಕೆ ಹಾಕಿಸದ ಮಕ್ಕಳ ಗುಂಪೇ ಇರ್ಲಿಲ್ಲ. ಬ್ರಯಾನ್ ಡೀರ್ ಅನ್ನೋ ಪತ್ರಕರ್ತರು 2004ರಿಂದ ಬೆನ್ನು ಹತ್ತಿ ಹೊರಗೆ ತಂದಿದ್ದು ಏನಂದ್ರೆ, ಲಸಿಕೆ ಕಂಪನಿಗಳ ಮೇಲೆ ಕೇಸ್ ಹಾಕೋಕೆ ಹೊರಟಿದ್ದ ವಕೀಲರ ಕಡೆಯಿಂದ ವೇಕ್‌ಫೀಲ್ಡ್‌ಗೆ 4 ಲಕ್ಷ ಪೌಂಡಿಗೂ ಮೇಲೆ ದುಡ್ಡು ಬಂದಿತ್ತು, ಲೇಖನದ ಹಿಂದಿನ ವರ್ಷ ತಾನೇ ಬೇರೆ ದಡಾರ ಲಸಿಕೆಗೆ ಪೇಟೆಂಟ್ ಅರ್ಜಿ ಹಾಕಿದ್ರು. ಮಕ್ಕಳ ಆಸ್ಪತ್ರೆ ದಾಖಲೆ ತೆಗೆದು ನೋಡಿದ್ರೆ ಕೆಲವರಿಗೆ ಸೂಜಿಗೆ ಮುಂಚೆನೇ ಲಕ್ಷಣ ಶುರುವಾಗಿತ್ತು, ಲೇಖನದಲ್ಲಿ ಅದು ಬೇರೆ ತರ ಬರೆದಿತ್ತು. 2010ರಲ್ಲಿ ಲ್ಯಾನ್ಸೆಟ್ ಲೇಖನ ವಾಪಸ್ ತಗೊಂಡ್ತು, ಅದೇ ವರ್ಷ ಅಲ್ಲಿನ ಮೆಡಿಕಲ್ ಕೌನ್ಸಿಲ್ ಡಾಕ್ಟರ್ ಪಟ್ಟಿಯಿಂದ ಹೆಸರು ತೆಗೆದು ಹಾಕ್ತು. ದುಡ್ಡು ಹಿಡ್ಕೊಂಡು ಲೆಕ್ಕ ನೋಡೋದಾದ್ರೆ ಎರಡೂ ಕಡೆ ನೋಡೋಣ ಅಣ್ಣಾ.

ಅಷ್ಟಕ್ಕೇ ಬಿಡ್ಲಿಲ್ಲ ಯಾರೂ, ಒಬ್ರು ಮೋಸ ಮಾಡಿದ್ರೂ ವಿಷಯ ನಿಜ ಇರಬಹುದಲ್ಲಾ ಅಂತ ಬೇರೆಯವ್ರು ಹೋಗಿ ಎಣಿಸಿದ್ರು. ಡೆನ್ಮಾರ್ಕಲ್ಲಿ 1999ರಿಂದ 2010ರ ಒಳಗೆ ಹುಟ್ಟಿದ 6,57,461 ಮಕ್ಕಳನ್ನ ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ್ರು, ಎಂಎಂಆರ್ ಹಾಕಿಸಿದವ್ರಲ್ಲೂ ಹಾಕಿಸದವ್ರಲ್ಲೂ ಆಟಿಸಂ ಅಪಾಯ ಒಂದೇ. ಜಪಾನಲ್ಲಿ 1993ರಲ್ಲಿ ಬೇರೆ ಕಾರಣಕ್ಕೆ ಎಂಎಂಆರ್ ನಿಲ್ಲಿಸಿದ್ರು, ಅದರಲ್ಲಿದ್ದ ಮಂಗನಬಾವಿನ ತಳಿಯಿಂದ ಕೆಲವು ಮಕ್ಕಳಿಗೆ ಮೆದುಳು ಪೊರೆಯ ಉರಿಯೂತ ಆಗ್ತಿತ್ತು. ನಿಲ್ಲಿಸಿದ ಮೇಲೂ ಯೊಕೊಹಾಮಾ ಊರಲ್ಲಿ ಆಟಿಸಂ ಸಂಖ್ಯೆ ಏರ್ತಾನೇ ಹೋಯ್ತು.

ನನ್ನ ಮಗನ ವಿಷಯ ಇಷ್ಟೇ, ಮಕ್ಕಳು ಮಾತು ಕಲಿಯೋ ವಯಸ್ಸಲ್ಲೇ ಆಟಿಸಂ ಕಣ್ಣಿಗೆ ಬೀಳೋದು, ಸೂಜಿ ಹಾಕೋದೂ ಅದೇ ವಯಸ್ಸಲ್ಲಿ. ಚಿಕ್ಕವಳಿಗೆ ಎಲ್ಲಾ ಟೈಮಿಗೆ ಹಾಕ್ಸಿದೀನಿ. ಇನ್ನೊಂದು ಮಾತು, ಆಟಿಸಂ ಬರೋದಕ್ಕಿಂತ ದಡಾರ ಬಂದ್ರೆ ಪರವಾಗಿಲ್ಲ ಅಂತ ಜನ ಆರಾಮಾಗಿ ಹೇಳ್ತಾರಲ್ಲ, ನನ್ನ ಮಗ ಪಕ್ಕದಲ್ಲಿ ಕೂತು ಬಣ್ಣದ ಬಿಲ್ಲೆ ಜೋಡಿಸ್ತಾ ಇರ್ತಾನೆ, ಅವನಂಥ ಮಗು ಇರೋದಕ್ಕಿಂತ ಸಾಯೋ ಅಪಾಯ ಮೇಲು ಅಂದಂಗೆ ಕೇಳುತ್ತೆ ನಂಗೆ. ದಯವಿಟ್ಟು ಹಂಗೆ ಹೇಳ್ಬೇಡಿ.

ದಾವಣಗೆರೆ ಅಮ್ಮ:
ಸರ್ ಓದಿ ಕಣ್ಣಲ್ಲಿ ನೀರು ಬಂತು. ಇದನ್ನ ಹಾಗೇ ಭಾವನಿಗೆ ಓದಿ ಹೇಳ್ತೀನಿ.

ಗೋಕಾಕ ಹುಡುಗ:
ನಾ ಬೆಳಗಾವಿ ಜಿಲ್ಲಾದಾಂವ್ರಿ. ಎಲ್ಲಾರೂ ಛಲೋ ಹೇಳಾಕತ್ತೀರಿ, ಆದ್ರ ಒಂದ್ ಮಾತ್ ಯಾರೂ ಎತ್ತವಲ್ರಿ. 2022ರ ಜನವರಿ ಒಳಗ ರಾಮದುರ್ಗ ತಾಲೂಕಿನ್ಯಾಗ ಇದ ಎಂಆರ್ ಇಂಜೆಕ್ಷನ್ ಮಾಡಿಸಿದ ಮ್ಯಾಲೆ 3 ಕೂಸು ಸತ್ತು ಹೋದ್ವು. ವರ್ಷದ ಆಜೂಬಾಜೂ ಇದ್ದ ಕೂಸುಗಳ್ರಿ. ನಮ್ಮ ಮನ್ಯಾಗ ಆವಾಗ 10 ತಿಂಗಳ ಕೂಸಿತ್ತು, ಟಿವ್ಯಾಗ ಸುದ್ದಿ ನೋಡಿದ ದಿನದಿಂದ ನನ್ನ ಹೆಂಡತಿ ಸರಿಯಾಗಿ ಊಟಾ ಮಾಡಿರಲಿಲ್ಲ. ಲಸಿಕಿ ಛಲೋ ಐತಿ ಅಂತ ಅಷ್ಟ ಹೇಳಿ ಮುಗಸಬ್ಯಾಡ್ರಿ, ಇದಕ್ಕೂ ಉತ್ತರಾ ಕೊಡ್ರಿ.

ಶಿವಮೊಗ್ಗ ಸಿಸ್ಟರ್:
ತಮ್ಮಾ, ಆ ಸುದ್ದಿ ಬಂದ ದಿನ ನಾನೂ ಊಟ ಮಾಡಿರ್ಲಿಲ್ಲ. ಮುಚ್ಚಿಡೋದು ಏನೂ ಇಲ್ಲ, ಬರೀತೀನಿ ಕೇಳಿ.

ಎಂಆರ್ ಲಸಿಕೆ ಪುಡಿ ರೂಪದಲ್ಲಿ ಬರುತ್ತೆ, ಅದರ ಜೊತೆಗೇ ಬಂದ ನೀರಲ್ಲೇ ಕಲಸಬೇಕು. ಅದರಲ್ಲಿ ಕೆಡದಂಗೆ ಇಡೋ ರಾಸಾಯನಿಕ ಇರಲ್ಲ, ಹಂಗಾಗಿ ಕಲಸಿದ ಮೇಲೆ 2ರಿಂದ 8 ಡಿಗ್ರಿ ತಂಪಲ್ಲಿಟ್ಟು 4 ಗಂಟೆ ಒಳಗೆ ಮುಗಿಸಬೇಕು, ಮಿಕ್ಕಿದ್ರೆ ಎಸೀಬೇಕು, ಒಂದೇ ಮಗುಗೆ ಬಾಟಲಿ ಒಡೆದಿದ್ರೂ ಎಸೀಬೇಕು. ಹೊತ್ತು ಮೀರಿದ್ರೆ ಅದರೊಳಗೆ ಬ್ಯಾಕ್ಟೀರಿಯಾ ಬೆಳೆದು ಮಗು ಮೈಗೆ ವಿಷ ಹೋಗುತ್ತೆ. ರಾಮದುರ್ಗದಲ್ಲಿ ಲಸಿಕೆನ ಹೋಟೆಲ್ ಫ್ರಿಜ್ಜಲ್ಲಿ ಇಟ್ಟಿದ್ರು ಅಂತ ಪ್ರಾಥಮಿಕ ತನಿಖೆ ಆದ್ಮೇಲೆ ಪೇಪರಲ್ಲೇ ಬಂತು. ಅದು ಕೈಯಿಂದ ಆದ ತಪ್ಪು, ನಮ್ಮ ಇಲಾಖೆ ಕೆಲಸದಲ್ಲಿ ಆದ ತಪ್ಪು. ಆ ಮೂರು ಮನೆಗೆ ಲಸಿಕೆ ತಪ್ಪಲ್ಲ ಅಂತ ಹೇಳೋದ್ರಿಂದ ಏನೂ ವಾಪಸ್ ಬರಲ್ಲ, ನಂಗೊತ್ತು.

ಅದಕ್ಕೆ ಪ್ರತಿ ತಾಯಿಗೂ ಹೇಳ್ತೀನಿ, ನೀವು ಕೇಳಿ. ಬಾಟಲಿ ಎಷ್ಟೊತ್ತಿಗೆ ಒಡೆದ್ರಿ ಅಂತ ಕೇಳಿ, ಒಡೆದ ಟೈಮ್ ಬಾಟಲಿ ಮೇಲೆ ಬರೀಬೇಕು ನಾವು, ತೋರಿಸಿ ಅನ್ನಿ. ಬಾಟಲಿ ಮೇಲೆ ಒಂದು ರೌಂಡು, ಅದರೊಳಗೆ ಚೌಕ ಇರುತ್ತೆ, ಒಳಗಿನ ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿ ಇರಬೇಕು, ಅಷ್ಟೇ ಬಣ್ಣ ಆಗಿದ್ರೆ ಬಿಸಿ ತಾಗಿದೆ ಅಂತ ಲೆಕ್ಕ. ಸಿರಿಂಜ್ ಹೊಸ ಕವರಿಂದ ನಿಮ್ಮ ಎದುರಿಗೇ ತೆಗೀಬೇಕು. ಕೇಳಿದ್ರೆ ಬೇಜಾರಾಗೋ ಸಿಸ್ಟರ್ ಇದ್ರೆ ಇರ್ಲಿ ಬಿಡಿ, ಕೇಳೋದು ನಿಮ್ಮ ಹಕ್ಕು.

ಆಕ್ಲೆಂಡಿನ ಉಡುಪಿಯವ:
ಇದನ್ನ ಓದಿ ಬರೀದೆ ಇರ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ. ರಾಮದುರ್ಗದ ಹಾಗೇ ಒಂದು ಘಟನೆ ನಮ್ಮ ಇಲ್ಲಿಗೆ ಹತ್ತಿರದ ಸಮೋವಾ ದ್ವೀಪದಲ್ಲಿ ಆಗಿತ್ತು. 2018ರ ಜುಲೈಯಲ್ಲಿ ಎಂಎಂಆರ್ ಹಾಕಿದ ನಿಮಿಷಗಳಲ್ಲಿ 2 ಮಕ್ಕಳು ತೀರಿಹೋದವು. ನರ್ಸ್‌ಗಳು ಪುಡಿಯನ್ನ ನೀರಿನ ಬದಲು ಆಪರೇಷನ್‌ಗೆ ಸ್ನಾಯು ಸಡಿಲ ಮಾಡ್ಲಿಕ್ಕೆ ಕೊಡುವ ಔಷಧಿಯಲ್ಲಿ ಕಲಸಿದ್ದರು, ಆಮೇಲೆ ಅವರಿಗೆ 5 ವರ್ಷ ಜೈಲಾಯ್ತು. ಆದ್ರೆ ಕಾರಣ ಗೊತ್ತಾಗುವ ಮೊದಲೇ ಲಸಿಕೆ ಕೊಂದಿತು ಅನ್ನುವ ಸುದ್ದಿ ಹಬ್ಬಿ ಆಗಿತ್ತು. ಸರ್ಕಾರ ತಿಂಗಳುಗಟ್ಟಲೆ ಲಸಿಕೆ ನಿಲ್ಲಿಸಿತು, ಹೊರದೇಶದ ಲಸಿಕೆ ವಿರೋಧಿಗಳು ಫೇಸ್‌ಬುಕ್ಕಲ್ಲಿ ಬೆಂಕಿಗೆ ತುಪ್ಪ ಹೊಯ್ದರು, ಮೂರರಲ್ಲಿ ಒಂದು ಮಗುವಿಗೆ ಮಾತ್ರ ಲಸಿಕೆ ಅನ್ನುವ ಮಟ್ಟಕ್ಕೆ ಇಳಿಯಿತು.

2019ರಲ್ಲಿ ನಮ್ಮ ಆಕ್ಲೆಂಡಲ್ಲಿ ದಡಾರ ಎದ್ದಿತ್ತು, ಇಲ್ಲಿಂದಲೇ ವಿಮಾನದಲ್ಲಿ ಅಲ್ಲಿಗೆ ಹೋಯ್ತು. ಒಟ್ಟು 2 ಲಕ್ಷ ಜನ ಇರುವ ದೇಶ, ಅಂದ್ರೆ ನಮ್ಮ ಒಂದು ತಾಲೂಕಿನಷ್ಟು. 5,700 ಜನಕ್ಕೆ ಬಂತು, 83 ಜನ ಸತ್ತರು, ಹೆಚ್ಚಿನವು 5 ವರ್ಷದೊಳಗಿನ ಮಕ್ಕಳು. ಡಿಸೆಂಬರಲ್ಲಿ 2 ದಿನ ಇಡೀ ದೇಶ ಬಂದ್ ಮಾಡಿ, ಲಸಿಕೆ ಆಗದವರು ಮನೆ ಮುಂದೆ ಕೆಂಪು ಬಟ್ಟೆ ಕಟ್ಟಿ ಅಂದರು, ತಂಡಗಳು ಆ ಕೆಂಪು ಬಟ್ಟೆ ನೋಡಿಕೊಂಡು ಮನೆಮನೆಗೆ ಹೋಗಿ ಹಾಕಿದವು. ನನ್ನ ಜೊತೆ ಕೆಲಸ ಮಾಡುವ ಸಮೋವಾದವರೊಬ್ಬರು ಆ ತಿಂಗಳು ತಂಗಿಯ ಮಗುವಿನ ಮಣ್ಣಿಗೆ ಹೋಗಿ ಬಂದರು. 2 ಮಕ್ಕಳ ಸಾವಿಗೆ ಹೆದರಿದ್ದು ತಪ್ಪಲ್ಲ, ಆ ಹೆದರಿಕೆಯನ್ನ ಹಿಡಿದು ಜನರನ್ನ ಲಸಿಕೆಯಿಂದ ದೂರ ಇಟ್ಟವರನ್ನ ಮಾತ್ರ ನನಗೆ ಕ್ಷಮಿಸ್ಲಿಕ್ಕೆ ಆಗುವುದಿಲ್ಲ.

ಗೋಕಾಕ ಹುಡುಗ:
ಸಿಸ್ಟರ್, ಖರೇ ಹೇಳಿದ್ರಿ ಅದಕ್ಕ ನಂಬಿಕಿ ಬಂತು. ನಾವ್ ಆವಾಗ ಎರಡ್ ತಿಂಗಳ ತಡಾ ಮಾಡಿ ಕಡೀಕ ಹಾಕ್ಸಿದ್ವಿ. ಬಾಟ್ಲಿ ಟೈಮ್ ಕೇಳೂದು ಆವಾಗ ಗೊತ್ತಿದ್ರ ಎರಡ್ ತಿಂಗಳ ಅಂಜಿ ಕುಂದ್ರೂದು ತಪ್ಪತಿತ್ತು.

ಸಾಗರದ ಕಡೆಯವ:
ವೇಕ್‌ಫೀಲ್ಡ್ ವಿಷಯ ನಂಗೆ ಇಷ್ಟು ಗೊತ್ತಿರ್ಲಿಲ್ಲ, ಒಪ್ಕೋತೀನಿ. ಆ ಮಗುವಿನ ಅಪ್ಪನಿಗೆ ನೋವಾಗಿದ್ರೆ ಕ್ಷಮೆ ಇರ್ಲಿ. ಆದ್ರೆ ನನ್ನ ಅನುಮಾನ ವಾಟ್ಸಾಪಿಂದ ಬಂದಿದ್ದಲ್ಲ, ಮನೆಯಿಂದ ಬಂದಿದ್ದು. ನಮ್ಮ ಕಡೆ ಮಂಗನ ಕಾಯಿಲೆ ಅಂದ್ರೆ ಎಲ್ರಿಗೂ ಗೊತ್ತು. ಪ್ರತಿ ವರ್ಷ ಬಂದು ಸೂಜಿ ಹಾಕೋರು, ಕೈ ಎತ್ತೋಕಾಗದಷ್ಟು ನೋವು, ಆದ್ರೂ ನಮ್ಮಪ್ಪ ಒಂದೂ ಬಿಡದೆ ಹಾಕಿಸ್ಕೊಂಡಿದ್ರು. ದರಗು ತರೋಕೆ ಕಾಡಿಗೆ ಹೋಗಿ ಉಣುಗು ಕಚ್ಚಿ ಜ್ವರ ಬಂದೇ ಬಂತು, ಹದಿನೈದು ದಿನ ಬದುಕ್ತಾರೋ ಇಲ್ವೋ ಅಂತ ಇತ್ತು. ಆಮೇಲೆ 2022ರಲ್ಲಿ ಈ ಲಸಿಕೆ ಸರಿಯಾಗಿ ಕೆಲ್ಸ ಮಾಡ್ತಿಲ್ಲ ಅಂತ ಅವ್ರೇ ಕೈಬಿಟ್ರು. ಹಾಗಾದ್ರೆ ಇಷ್ಟು ವರ್ಷ ಚುಚ್ಚಿದ್ದು ಏನು? ಇದಾದ್ಮೇಲೆ ನಾನು ಇನ್ನೊಂದು ಲಸಿಕೆನ ಕಣ್ಮುಚ್ಚಿ ಹೇಗೆ ನಂಬ್ಲಿ?

ಮೈಕ್ರೋಬಯಾಲಜಿ ಓದಿದೋಳು:
ಈ ಥ್ರೆಡ್ಡಲ್ಲಿ ಬಂದ ಪ್ರಶ್ನೆಗಳಲ್ಲಿ ಇದೇ ತೂಕದ್ದು, ನಿಮ್ಮ ಸಿಟ್ಟಿಗೆ ಕಾರಣ ಇದೆ. ಕಣ್ಮುಚ್ಚಿ ನಂಬಬೇಡಿ, ನಾನೂ ನಂಬಲ್ಲ.

ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆ ಆಗಿದ್ದು, ಲೋಕಕ್ಕೆಲ್ಲಾ ಅದರ ಹೆಸರು ನಮ್ಮ ಆ ಊರಿಂದಲೇ. ಲಸಿಕೆ ವೈರಸ್ಸನ್ನ ಫಾರ್ಮಲಿನ್ ಅನ್ನೋ ರಾಸಾಯನಿಕದಲ್ಲಿ ಕೊಂದು ಮಾಡಿದ್ದು, ಅದಕ್ಕೇ ಪದೇ ಪದೇ ಬೂಸ್ಟರ್ ಬೇಕಿತ್ತು. ಅದು ಸಾಲ್ತಿಲ್ಲ ಅಂತ ಕಂಡುಹಿಡಿದಿದ್ದು ಲಸಿಕೆ ವಿರೋಧಿಗಳಲ್ಲ, ಹಳ್ಳಿ ಹಳ್ಳಿಯಲ್ಲಿ ಯಾರು ಹಾಕಿಸ್ಕೊಂಡ್ರು, ಯಾರಿಗೆ ಕಾಯಿಲೆ ಬಂತು ಅಂತ ಪಟ್ಟಿ ಹಿಡಿದು ಎಣಿಸಿದ ಸಾರ್ವಜನಿಕ ಆರೋಗ್ಯದವ್ರು. 2005ರಿಂದ 2010ರ ಲೆಕ್ಕ ತೆಗೆದಾಗ ಎರಡು ಡೋಸಿಗೆ ನೂರಕ್ಕೆ 62ರಷ್ಟು, ಬೂಸ್ಟರ್ ಸೇರಿದ್ರೆ 83ರಷ್ಟು ರಕ್ಷಣೆ ಅಂತ ಬಂತು, ಇದು ಕಮ್ಮಿ ಅಂತ ಅವ್ರೇ ಬರೆದ್ರು. ಆಮೇಲೆ ಇನ್ನೂ ಕುಸೀತು, ನಿಲ್ಲಿಸಿದ್ರು, ಈಗ ಹೊಸದರ ಕೆಲ್ಸ ನಡೀತಿದೆ. ಬೇಗ ನಿಲ್ಲಿಸಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ ಕೂಡ, ನಿಮ್ಮಪ್ಪನಂಥವ್ರಿಗೆ ಈ ಲೆಕ್ಕ ಯಾರೂ ಹೇಳ್ದೆ ಸುಮ್ನೆ ಚುಚ್ಚಿದ್ದು ತಪ್ಪು.

ಆದ್ರೆ ನೋಡಿ, ಅವ್ರು ಇದನ್ನ ಎಣಿಸಿದ್ದಕ್ಕೇ ನಿಮ್ಗೆ ಗೊತ್ತಾಗಿದ್ದು. ಅಮೆರಿಕದಲ್ಲಿ 1955ರಲ್ಲಿ ಕಟರ್ ಅನ್ನೋ ಕಂಪನಿಯ ಪೋಲಿಯೋ ಲಸಿಕೇಲಿ ವೈರಸ್ ಜೀವಂತ ಉಳಿದು 200 ಜನಕ್ಕೆ ಲಕ್ವ ಹೊಡೀತು, 10 ಜನ ಸತ್ರು, ಆವತ್ತಿಂದ ತಯಾರಿಕೆ ಮೇಲೆ ಕಣ್ಣಿಡೋ ನಿಯಮಗಳೇ ಬೇರೆ ಆದ್ವು. 1999ರಲ್ಲಿ ಅಲ್ಲೇ ಮೊದಲ ರೋಟಾವೈರಸ್ ಲಸಿಕೆಯಿಂದ ಅಂದಾಜು ಹತ್ತು ಸಾವಿರಕ್ಕೆ ಒಂದು ಮಗುಗೆ ಕರುಳು ಒಂದರೊಳಗೊಂದು ಸೇರ್ಕೊಳ್ತಿದೆ ಅಂತ ಗೊತ್ತಾಗಿ ಒಂದೇ ವರ್ಷಕ್ಕೆ ಮಾರ್ಕೆಟಿಂದ ತೆಗೆದ್ರು. ಹತ್ತು ಸಾವಿರಕ್ಕೆ ಒಂದನ್ನ ಹಿಡಿಯೋ ಅದೇ ಜರಡಿಯಲ್ಲಿ ದಡಾರದ ಲಸಿಕೆ 1963ರಿಂದ ಕೋಟಿ ಕೋಟಿ ಮಕ್ಕಳ ಮೇಲೆ ಸೋಸಿ ಬಂದಿದೆ. ನಿಮ್ಮ ಭಾವನ ವಿಡಿಯೋ ಮಾಡಿದವ್ರು ಯಾವತ್ತಾದ್ರೂ ನಮ್ಮ ಮಾತು ಕೇಳಿ ಇಷ್ಟು ಮಕ್ಕಳಿಗೆ ದಡಾರ ಬಂತು ಅಂತ ಲೆಕ್ಕ ಕೊಟ್ಟಿದಾರಾ ದಾವಣಗೆರೆ ಅವ್ರೇ? ಮಂಗನ ಕಾಯಿಲೆ ಲಸಿಕೆ ಬೇಡ ಅಂದ ವಿಜ್ಞಾನನೇ ಎಂಆರ್ ಹಾಕ್ಸಿ ಅಂತಿರೋದು, ನಂಗೆ ನಂಬಿಕೆ ಬರೋದು ಅದಕ್ಕೆ.

ದಡಾರ ಬಂದು ಹೋಗೋ ಕಾಯಿಲೆ ಅಂದ್ರಿ. ಬಹಳ ಮಕ್ಕಳಿಗೆ ಹೌದು. ಆದ್ರೆ ರಕ್ಷಣೆ ಇಲ್ಲದ 10 ಜನ ಹತ್ರ ಇದ್ರೆ 9 ಜನಕ್ಕೆ ಅಂಟುತ್ತೆ, ಕೆಮ್ಮಿದವ್ರು ಎದ್ದು ಹೋಗಿ 2 ಗಂಟೆ ಆದ್ರೂ ಆ ಕೋಣೆ ಗಾಳೀಲಿ ಇರುತ್ತೆ. ಮೈಯಲ್ಲಿ ಮೊದಲೇ ಇದ್ದ ಬೇರೆ ಕಾಯಿಲೆಗಳ ವಿರುದ್ಧದ ರಕ್ಷಣೆಲೂ ಒಂದಷ್ಟು ಒರೆಸಿ ಹೋಗುತ್ತೆ, ಹಾಗಾಗಿ ದಡಾರ ಇಳಿದ ಮೇಲೆ ನ್ಯುಮೋನಿಯಾ, ಭೇದಿ ಹಿಡ್ಕೊಂಡು ಹೋಗೋ ಮಕ್ಕಳೇ ಜಾಸ್ತಿ.

ಮೈಸೂರಿನವ:
ಒಂದು ಸಣ್ಣ ವಿಷಯ ಸೇರಿಸ್ತೀನಿ, ಲಸಿಕೆ ಹೊರಗಿನವ್ರದ್ದು ಅಂತ ಹೇಳೋರಿಗೆ. ಥಾಮಸ್ ಹಿಕಿ 1805ರಲ್ಲಿ ಬರೆದ ಒಂದು ಚಿತ್ರ ಇದೆ, ಮೂವರು ಹೆಂಗಸರದ್ದು. ಅವರು ಮೈಸೂರು ಅರಮನೆಯವರು, ಅದರಲ್ಲಿ ಸೆರಗು ಸರಿಸಿ ತೋಳು ತೋರಿಸ್ತಿರೋ ಚಿಕ್ಕ ವಯಸ್ಸಿನವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಸಿಡುಬಿನ ಲಸಿಕೆ ಹಾಕಿಸ್ಕೊಂಡ ಜಾಗ ಜನಕ್ಕೆ ತೋರಿಸೋಕೆ ಬರೆಸಿದ್ದು ಅಂತ ಇತಿಹಾಸಕಾರರೊಬ್ರು ವಾದ ಮಾಡ್ತಾರೆ. ಭಾರತದಲ್ಲಿ ಮೊದಲ ಲಸಿಕೆ ಹಾಕಿದ್ದೇ 1802ರಲ್ಲಿ, ಬೊಂಬಾಯಿನ 3 ವರ್ಷದ ಹುಡುಗಿಗೆ. ಮೂರೇ ವರ್ಷದಲ್ಲಿ ನಮ್ಮೂರಿಗೆ ಬಂದಿತ್ತು.

ಚಳ್ಳಕೆರೆ ಮೇಷ್ಟ್ರು:
ತಂಗೀ ದಾವಣಗೆರೆ ಅಮ್ಮ, ನಾನು ರಿಟೈರ್ಡ್ ಮೇಷ್ಟ್ರು, ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಎಡಗಾಲು ಹೋಯ್ತು, ಕ್ಯಾಲಿಪರ್ ಹಾಕ್ಕೊಂಡೇ ಮೂವತ್ತು ವರ್ಷ ಪಾಠ ಮಾಡ್ದೆ. ಮಕ್ಕಳಾಗಲ್ಲ ಅನ್ನೋ ಮಾತು ಹೊಸದಲ್ಲ. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾದ್ಮೇಲೆ ಹನಿಗೂ ಇದೇ ಮಾತು ಹೇಳಿದ್ರು, ನಾನು ಬೂತಲ್ಲಿ ಕೂತು ಕಿವಿಯಾರೆ ಕೇಳಿದೀನಿ. ಅವತ್ತು ನನ್ನ ಕೈಯಲ್ಲಿ ಹನಿ ಹಾಕಿಸ್ಕೊಂಡ ಹುಡುಗೀರು ಈಗ ತಮ್ಮ ಮಕ್ಕಳನ್ನ ಕಂಕುಳಲ್ಲಿ ಎತ್ಕೊಂಡು ಮಾತಾಡ್ಸೋಕೆ ಬರ್ತಾರೆ. ಸಹಜ ಪೋಲಿಯೋ ವೈರಸ್ಸಿಂದ ದೇಶದಲ್ಲಿ ಆದ ಕೊನೇ ಕೇಸು 2011ರ ಜನವರಿ 13, ಬಂಗಾಳದ ಹೌರಾದ ಹೆಣ್ಣುಮಗು. 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಬಂದ ದಿನ ನಾನು ಸ್ಟಾಫ್ ರೂಮಲ್ಲಿ ಕೂತು ಅತ್ತಿದೀನಿ.

ಯಾರ್ ಸತ್ರು ಅಂತ ಅತ್ತೆ ಕೇಳ್ತಾರೆ ಅಂದ್ರಲ್ಲ. ಅತ್ತೆ ಜೊತೆ ವಾದಕ್ಕೆ ಹೋಗ್ಬೇಡಿ. ಮನೇಲಿ ಅವರಿಗಿಂತ ಹಿರಿಯರು ಇದ್ರೆ ಹತ್ರ ಕೂತು ಎಷ್ಟು ಮಕ್ಕಳು ಹೆತ್ರಿ, ಎಷ್ಟು ಉಳಿದ್ವು ಅಂತ ಒಂದೇ ಮಾತು ಕೇಳಿ.

ದಾವಣಗೆರೆ ಅಮ್ಮ:
ಹತ್ತು ದಿನ ಆದ್ಮೇಲೆ ಬರೀತಿದೀನಿ, ತಡ ಆಯ್ತು. ಮೇಷ್ಟ್ರು ಹೇಳಿದಂಗೆ ನಮ್ಮನೆಯವ್ರ ಅಜ್ಜಿನ ಕೇಳ್ದೆ. ಅವ್ರು ಅಕ್ಕಿ ಆರಿಸ್ತಾ ಇದ್ರು. ಏಳು ಅಂದ್ರು, ಉಳಿದಿದ್ದು ನಾಲ್ಕು. ಒಂದು ಹುಟ್ಟಿದ ವಾರಕ್ಕೆ ಧನುರ್ವಾಯು ಬಂದು ಹೋಯ್ತಂತೆ, ಒಂದು ಏನಾಯ್ತು ಅಂತ ಗೊತ್ತಿಲ್ವಂತೆ, ಇನ್ನೊಂದು ಎರಡು ವರ್ಷದ ಹೆಣ್ಣು, ದಡಾರ. ಬೇವಿನ ಸೊಪ್ಪು ಹಾಸಿದ್ವಿ ಎಡೆನೂ ಇಟ್ವಿ, ಇಳೀತು, ಆಮೇಲೆ ಎಂಟು ದಿನ ಕೆಮ್ಮಿ ಕೆಮ್ಮಿ ಹೋಯ್ತು ಅಂದ್ರು. ನಮ್ಮತ್ತೆ ಬಾಗಿಲ ಹತ್ರ ನಿಂತು ಕೇಳಿಸ್ಕೊಂಡ್ರು. ಮದುವೆ ಆಗಿ ಬಂದು ಇಷ್ಟು ವರ್ಷ ಆದ್ರೂ ಅವ್ರಿಗೂ ಗೊತ್ತಿರ್ಲಿಲ್ಲ.

ಗುರುವಾರ ಅತ್ತೆ ನಾನು ಇಬ್ರೂ ಸೇರಿ ಕರ್ಕೊಂಡು ಹೋದ್ವಿ. ಬಾಟಲಿ ಟೈಮ್ ಕೇಳ್ದೆ, ಅಲ್ಲಿನ ಸಿಸ್ಟರ್ ನಗ್ತಾ ತೋರಿಸಿದ್ರು, 10.20 ಅಂತ ಬರೆದಿತ್ತು, ನಮ್ಮದು 11 ಗಂಟೆಗೆ ಹಾಕಿದ್ರು. ಅರ್ಧ ಗಂಟೆ ಕೂತ್ಕೊಂಡು ಬಂದ್ವಿ. ನಿನ್ನೆಯಿಂದ ಮೈ ಸ್ವಲ್ಪ ಬೆಚ್ಚಗಿದೆ, ಕುತ್ತಿಗೆ ಹತ್ರ ನಾಲ್ಕೈದು ಗುಳ್ಳೆ, ಆದ್ರೆ ಆಡ್ಕೊಂಡಿದಾಳೆ, ಹಾಲು ಕುಡೀತಿದಾಳೆ. ಸಿಸ್ಟರ್ ನೀವು ಹೇಳಿದ್ದು ಇದೇನಾ? ಭಾವ ಗ್ರೂಪಲ್ಲಿ ಇನ್ನೂ ಸುಮ್ನಿಲ್ಲ, ಅದು ಬೇರೆ ವಿಷಯ.

ಶಿವಮೊಗ್ಗ ಸಿಸ್ಟರ್:
ಹೌದಮ್ಮ, ದಿನದ ಲೆಕ್ಕಕ್ಕೂ ಸರಿ ಹೋಗುತ್ತೆ. ಎರಡು ದಿನದಲ್ಲಿ ಇಳಿಯುತ್ತೆ. ಜ್ವರ ಜಾಸ್ತಿ ಅನ್ಸಿದ್ರೆ ಪ್ಯಾರಾಸಿಟಮಾಲ್ ಡ್ರಾಪ್ಸ್, ಆದ್ರೆ ಎಷ್ಟು ಅನ್ನೋದು ತೂಕದ ಮೇಲೆ, ನಿಮ್ಮ ಸಿಸ್ಟರ್‌ನೇ ಕೇಳಿ ಹಾಕಿ. ಎದೆ ಹಾಲು ಬಿಡ್ಬೇಡಿ. ಮಗು ಮಂಕಾಗಿ ಹಾಲು ಬಿಟ್ರೆ, ಫಿಟ್ಸ್ ಬಂದ್ರೆ ಯೋಚನೆ ಮಾಡ್ದೆ ಆಸ್ಪತ್ರೆಗೆ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ಸಾಗರದ ಕಡೆಯವ:
ಲೆಕ್ಕ ಹಾಕಿ ಹೇಳಿದ್ದಕ್ಕೆ ಮೈಕ್ರೋಬಯಾಲಜಿ ಮೇಡಂಗೆ ಥ್ಯಾಂಕ್ಸ್, ಅಪ್ಪನಿಗೂ ಓದಿ ಹೇಳ್ದೆ. ಎಲ್ಲಾ ಅನುಮಾನ ಹೋಯ್ತು ಅನ್ನಲ್ಲ. ಸಿಸ್ಟರ್, ನನ್ನ ಮಗನಿಗೆ 3 ವರ್ಷ 4 ತಿಂಗಳು, ಎಂಆರ್ ಮೊದಲನೇದು ಆಗಿದೆ, ಎರಡನೇದು ನಾನೇ ಬೇಡ ಅಂತ ನಿಲ್ಸಿದ್ದೆ. ಈಗ ಹಾಕಬಹುದಾ, ಇಲ್ಲ ಟೈಮ್ ಮುಗೀತಾ?

ಶಿವಮೊಗ್ಗ ಸಿಸ್ಟರ್:
ಮುಗಿದಿಲ್ಲ, 5 ವರ್ಷದ ತನಕ ಹಾಕ್ತೀವಿ. ಮೊದಲಿಂದ ಶುರು ಮಾಡೋದೂ ಬೇಡ, ಬಾಕಿ ಇರೋ ಒಂದೇ ಸಾಕು. ತಾಯಿ ಕಾರ್ಡ್ ಹುಡುಕಿ ಇಟ್ಕೊಂಡಿರಿ, ಕಳೆದಿದ್ರೂ ಪರವಾಗಿಲ್ಲ, ರಿಜಿಸ್ಟರಲ್ಲಿ ಇರುತ್ತೆ. ಗುರುವಾರ ಬನ್ನಿ.